ಅರಿವೆ

ಬಾಸೆಲ್ ಪಟ್ಟಣದ ಕೆಳಗೇರಿಯಲ್ಲಿ, ರೈನ್ ನದಿಗೆ ಇಳಿಯುವ
ಕಾಲುವೆಯ ಮೇಲೆ ಆಗ ಹತ್ತು ಗಾಲಿ ತಿರುಗುತ್ತಿದ್ದವಂತೆ.
ಹತ್ತೋ ಹನ್ನೆರಡೋ, ನಾನೇನು ಎಣಿಸಿಲ್ಲ;
ಒಟ್ಟೀಲಿಯಾ ಎಣಿಸಿದ್ದು ಗುಂಡಿಗಳನ್ನು ಮಾತ್ರ.

ಬೆಂಚಿಗೆ ನೆಟ್ಟ ಕುಡುಗೋಲಿನೆದುರು ಕೂತು
ಚಿಂದಿ ಸೀಳುವುದು ಅವಳ ಕೆಲಸ.
ಹೊಲಿಗೆ ಒಂದು ಕಡೆ, ಅಂಚು ಒಂದು ಕಡೆ,
ಗುಂಡಿ ಕಿತ್ತು ಮಣ್ಣಿನ ಕುಡಿಕೆಗೆ.
ಬಂದದ್ದೆಲ್ಲ ನಾರುಬಟ್ಟೆ:
ಕಟುಕನ ಅಂಗಿ,
ಹೆರಿಗೆಯ ಹಾಸು,
ಕೂಲಿ ಸಿಪಾಯಿಯ ಷರಾಯಿ, ತೊಡೆಯ ಹತ್ತಿರ ಈಟಿ ತೂರಿದ ತೂತು,
ಮಠ ಮುಚ್ಚಿದ ವರ್ಷ ಒಟ್ಟಿಗೇ ಬಂದು ಬಿದ್ದ
ನಲವತ್ತು ಸನ್ಯಾಸಿನಿಯರ ತಲೆವಸ್ತ್ರ.
ಅವಕ್ಕೆ ಇನ್ನೂ ಮೇಣದ ವಾಸನೆ.

ಒದ್ದೆ ಮಾಡಿ, ರಾಶಿ ಹಾಕಿ, ಕೊಳೆಯಲು ಬಿಡುತ್ತಾರೆ.
ರಾಶಿಯೊಳಗೆ ಕೈಯಿಟ್ಟರೆ ಬಿಸಿ, ಗಬ್ಬದ ಹಸುವಿನ ಹೊಟ್ಟೆಯ ಹಾಗೆ.
ಆಮೇಲೆ ಕೊಟ್ಟಣ. ನೀರು ಎತ್ತಿ ನೀರೇ ಬಿಡುವ ಒನಕೆಗಳು
ಹಗಲೂ ಇರುಳೂ ಕುಟ್ಟುತ್ತವೆ
ಸಿಪಾಯಿಯನ್ನು, ಸನ್ಯಾಸಿನಿಯನ್ನು, ಬಾಣಂತಿಯನ್ನು.
ಯಾರ ಮೈಲಿಗೆ ಯಾರದೆಂದು ನೀರು ಕೇಳುವುದಿಲ್ಲ.
ಕೊಪ್ಪರಿಗೆಯಲ್ಲಿ ಎಲ್ಲ ಒಂದೇ ಗಂಜಿ.
ಲೀನ್‌ಹಾರ್ಟ್ ಜಾಲರಿ ಅದ್ದಿ ಎತ್ತಿ
ಮೊರ ಕೇರಿದಂತೆ ಒಮ್ಮೆ ಅಲುಗಿಸುತ್ತಾನೆ,
ಗಂಜಿ ಬಸಿದು ಹಾಳೆ ನಿಲ್ಲುತ್ತದೆ.

ಹಾಳೆ ದೋಣಿ ಹತ್ತುತ್ತದೆ.
ಒಂದೂರಲ್ಲಿ ಅದರ ಮೇಲೆ ಪಾಪಕ್ಷಮೆಯ ಚೀಟಿ,
ಮುಂದಿನೂರಲ್ಲಿ ಆ ಚೀಟಿಗೆ ಬೈಗುಳ,
ಗ್ರೀಕರ ಹಳೆಯ ನಾಟಕ, ಕರುಳಿನ ಚಿತ್ರ, ದನದ ಜ್ವರಕ್ಕೆ ಕಷಾಯ,
ಭೂಮಿಯೇ ಅಲುಗುತ್ತದೆಂಬ ಪಿಸುಮಾತು.
ಪಂಡಿತರು ಇದನ್ನು ಹೊಸ ಹುಟ್ಟು ಎಂದರು.
ನನಗೆ ಕಂಡಷ್ಟು, ಹಳೆಯ ಹೆರಿಗೆಯ ಹಾಸನ್ನೇ ಒಗೆದದ್ದು.

ಒಂದು ಮಾಗಿಯಲ್ಲಿ ಅವಳಿಗೆ ನಗರಸಭೆಯಿಂದ ಕರೆ ಬಂತು.
ಯಾರೋ ಹೆಸರಿಲ್ಲದೆ ಕರಪತ್ರ ಅಚ್ಚು ಹಾಕಿದ್ದರು:
ಕೂಸಿಗೆ ದೀಕ್ಷಾಸ್ನಾನ ಬೇಡ, ಬೆಳೆದ ಮೇಲೆ ತಾನೇ ಕೇಳಲಿ;
ಆಣೆ ಹಾಕಿಸುವ ಹಕ್ಕು ಯಾವ ದೊರೆಗೂ ಇಲ್ಲ, ಅಂತ.
ಸಭೆಯ ಹಿರಿಯ ಯೋಸ್ಟ್ ಸ್ಪೆರ್ಲಿನ್ ಅದನ್ನು ಎರಡು ಬೆರಳಲ್ಲಿ ಹಿಡಿದಿದ್ದ,
ಸತ್ತ ಇಲಿಯ ಬಾಲ ಹಿಡಿದಂತೆ.

‘ಇದನ್ನು ಓದಿದ್ದೀಯಾ?’
‘ಒಗೆದಿದ್ದೇನೆ.’

ಅಕ್ಷರದ ಕಡೆ ಅವಳು ಕಣ್ಣೂ ಹಾಯಿಸಲಿಲ್ಲ.
ಕಿಟಕಿಯ ಬೆಳಕಿಗೆ ಹಿಡಿದು ಹೆಬ್ಬೆರಳಲ್ಲಿ ಸವರಿದಳು.
ಮೂಲೆಯಲ್ಲಿ, ಕುಟ್ಟಿದರೂ ಸಾಯದ ಒಂದು ನೀಲಿ ಎಳೆ.

‘ಈ ನೀಲಿ ನನಗೆ ಗೊತ್ತು ಸ್ವಾಮಿ.
ಸಂತ ಮಾರ್ಟಿನ್ನನ ಹಬ್ಬದ ಮಾರನೆಯ ದಿನ ಬಂದ ಒಳಲಂಗ,
ಅಂಚಿಗೆ ದ್ರಾಕ್ಷಿಬಳ್ಳಿಯ ಕಸೂತಿ.
ತಂದವಳು ತಮ್ಮ ಮನೆಯ ಅಡುಗೆಯವಳು,
ಅಮ್ಮನವರದು ಅಂದಳು.
ಎರಡು ಸೂಜಿ ಕೊಟ್ಟೆ.’

ಗುಮಾಸ್ತನ ಗರಿ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು,
ಕೆಮ್ಮು ಬಂದಿರಲಿಲ್ಲ.

ಸಿಕ್ಕಷ್ಟು ಪ್ರತಿ ಸುಟ್ಟರು. ಅವಳನ್ನು ಬಿಟ್ಟು ಕಳಿಸಿದರು.
ಅವಳಂದದ್ದನ್ನು ದಫ್ತರದಲ್ಲಿ ಅಡ್ಡಗೆರೆ ಎಳೆದು ಹೊಡೆದು ಹಾಕಿದರು;
ದಫ್ತರದ ಹಾಳೆಯೂ ಅದೇ ಕೊಪ್ಪರಿಗೆಯದು.

ನನ್ನ ನುಡಿಯಲ್ಲಿ ಅರಿವೆಗೂ ಅರಿವಿಗೂ
ಒಂದು ಸ್ವರದಷ್ಟೇ ದೂರ.
ಅವಳ ಜರ್ಮನ್ನಿಗೆ ಆ ಅನುಕೂಲವಿರಲಿಲ್ಲ,
ಬೆರಳಿಗಿತ್ತು.

ಸಂಜೆ ಮನೆಗೆ ಬಂದು ತನ್ನ ಹಳೇ ಮುಸುಕು ಬಿಚ್ಚಿ
ದೀಪಕ್ಕೆ ಹಿಡಿದಳು. ಅಲ್ಲಲ್ಲಿ ಬೆಳಕು ತೂರುತ್ತಿತ್ತು.
ಇನ್ನೊಂದು ಚಳಿಗಾಲ ಬಾಳೀತು ಎಂದುಕೊಂಡು
ಮತ್ತೆ ಸುತ್ತಿಕೊಂಡಳು.